ತಟ್ಟೆಯಲ್ಲಿಟ್ಟ ಹತ್ತು ರೂಪಾಯಿ

ಭದ್ರಾವತಿ
೯-೬-೧೯೬೯

ಮಾನ್ಯ ಜಗದಾಂಬಾ ಅವರಿಗೆ,

ಭದ್ರಾವತಿಯಿಂದ ಓಂಕಾರಪ್ಪನ ನಮಸ್ಕಾರ. ನನ್ನ ಪರಿಚಯ ನಿಮಗಿಲ್ಲ. ವಾರಪತ್ರಿಕೆಯ ಹವ್ಯಾಸಿಗಳ ಪುಟದಲ್ಲಿ ‘ಜಗದಾಂಬಾ, ಸ್ಮಾರಕ ನಾಣ್ಯ ಸಂಗ್ರಹ, ಕೇರಾಫ್ ಷಣ್ಮುಖಪ್ಪ, ಸ್ಲೇಟು ಕಾಗದದ ಅಂಗಡಿ, ಗಾಂಧಿ ಬಜಾರ್, ಶಿವಮೊಗ್ಗ’ ಅಂತ ಇದ್ದದ್ದನ್ನು ಎರಡು ಸಲ ಓದಿದೆ. ಹನ್ನೊಂದು ಮೈಲಿ ದೂರದಲ್ಲಿ ನನ್ನಂಥವರು ಇನ್ನೊಬ್ಬರಿದ್ದಾರೆ ಅಂತ ತಿಳಿದು ಬಹಳ ಧೈರ್ಯ ಬಂತು.

ನಾನು ಇಲ್ಲಿನ ಕಾರ್ಖಾನೆಯ ಲ್ಯಾಬೊರೇಟರಿಯಲ್ಲಿ ಕಬ್ಬಿಣ ಪರೀಕ್ಷೆ ಮಾಡುವವನು. ನ್ಯೂಟೌನಿನ ಕ್ವಾರ್ಟರ್ಸಿನಲ್ಲಿ ಅಮ್ಮ ಹಾಲಮ್ಮ ಮತ್ತು ನಾನು, ಇಬ್ಬರೇ. ಪಕ್ಕದ ಮನೆಯ ತಮಿಳಿನವರು ನನ್ನನ್ನು ‘ಕಾಸು ಸಾರ್’ ಅಂತ ಕರೀತಾರೆ. ಜಾರ್ಜ್ ರಾಜನ ಬೆಳ್ಳಿ ರೂಪಾಯಿ ಆರು ಇವೆ. ನೆಹರೂ ಅವರ ರೂಪಾಯಿ, ಅರ್ಧ ರೂಪಾಯಿ ಎರಡೂ ಇವೆ. ಅವು ಬೆಳ್ಳಿಯಲ್ಲ ಅನ್ನೋದೇ ಒಂದು ಕೊರಗು. ಈ ವರ್ಷ ಗಾಂಧೀಜಿಯ ನೂರನೇ ವರ್ಷಕ್ಕೆ ಬೆಳ್ಳಿಯ ಹತ್ತು ರೂಪಾಯಿ ಬರುತ್ತೆ ಅಂತ ಸುದ್ದಿ ಇದೆ. ನಿಮಗೇನಾದರೂ ಗೊತ್ತೆ?

ನನ್ನ ನಾಣ್ಯಗಳನ್ನೆಲ್ಲ ಹುಣಸೆಹಣ್ಣು ಹಾಕಿ ಉಜ್ಜಿ ಫಳಫಳ ಅನ್ನೋ ಹಾಗೆ ಇಟ್ಟಿದ್ದೇನೆ. ತಾವು ಒಮ್ಮೆ ನೋಡಬೇಕು.

ಇಂತಿ ವಿಧೇಯ,
ಓಂಕಾರಪ್ಪ

---

ಶಿವಮೊಗ್ಗ
೧೪-೬-೧೯೬೯

ಶ್ರೀ ಓಂಕಾರಪ್ಪನವರಿಗೆ,

ನಿಮ್ಮ ಪತ್ರದಲ್ಲಿ ಹುಣಸೆಹಣ್ಣಿನವರೆಗೂ ಖುಷಿಯಾಗಿ ಓದಿದೆ. ಆಮೇಲೆ ಪತ್ರ ಮಡಿಚಿಟ್ಟು ಎದ್ದುಹೋದೆ.

ಏನ್ರೀ ಅದು, ದೇವರ ತಂಬಿಗೆಯೆ? ನಾಣ್ಯಾನ ಯಾರಾದರೂ ತೊಳೀತಾರಾ? ಐವತ್ತು ವರ್ಷದಿಂದ ಅದರ ಮೇಲೆ ಕೂತಿರೋ ಮಬ್ಬು ಇದೆಯಲ್ಲ, ಅದೇ ಅದರ ಚರ್ಮ. ನೀವು ಆರು ರಾಜರ ಚರ್ಮ ಸುಲಿದಿದ್ದೀರಿ. ಕಬ್ಬಿಣ ಪರೀಕ್ಷೆ ಮಾಡುವವರಿಗೆ ಇಷ್ಟು ತಿಳಿಯದೇ ಹೋಯಿತಲ್ಲ ಅಂತ ಸಂಕಟವಾಯಿತು. ಇನ್ನು ಮುಂದೆ ಅಂಚು ಹಿಡಿದು ಎತ್ತಿ, ಬೆರಳು ಮುಖಕ್ಕೆ ತಾಗಿಸಬೇಡಿ. ಬೆಣ್ಣೆಕಾಗದದಲ್ಲಿ ಸುತ್ತಿ ಡಬ್ಬಿಯಲ್ಲಿಡಿ. ಒಂದರ ಮೇಲೊಂದು ಪೇರಿಸಬೇಡಿ. ನನ್ನ ಹತ್ತಿರ ಪಾಠಕ್ಕೆ ಬರುವ ಮಕ್ಕಳಿಗೂ ಇದನ್ನೇ ಹೇಳಿ ಹೇಳಿ ಗಂಟಲು ಒಣಗಿದೆ.

ಬೆಳ್ಳಿಯ ಹತ್ತು ರೂಪಾಯಿಯ ವಿಷಯ ನಿಜ ಇರಬೇಕು. ಜೊತೆಗೆ ಒಂದು ರೂಪಾಯಿ, ಐವತ್ತು ಪೈಸೆ, ಇಪ್ಪತ್ತು ಪೈಸೆಯೂ ಬರುತ್ತವಂತೆ, ನಾಲ್ಕೂ ಸೇರಿದರೆ ಒಂದು ಸೆಟ್. ಬಂದಾಗ ತಿಳಿಸಿ. ತೊಳೆಯುವ ಮುಂಚೆ ತಿಳಿಸಿ.

ಜಗದಾಂಬಾ

---

ಭದ್ರಾವತಿ
೮-೧೦-೧೯೬೯

ಮಾತೃಸಮಾನರಾದ ಜಗದಾಂಬಾ ಅಮ್ಮನವರಿಗೆ ಸಾಷ್ಟಾಂಗ ನಮಸ್ಕಾರಗಳು.

ಸಿಕ್ಕಿತು. ಬ್ಯಾಂಕಿನ ಮುಂದೆ ಮೂರು ಗಂಟೆ ಕ್ಯೂ ನಿಂತು ಎರಡು ತಂದೆ. ಇಂಥಾ ಬೆಳ್ಳೀನ ನಾನು ನೋಡಿರಲಿಲ್ಲ. ಅಂಗೈ ಮೇಲೆ ಇಟ್ಟರೆ ತೂಕ ತಿಳಿಯುತ್ತೆ. ಅಂಚು ಹಿಡಿದೇ ಎತ್ತಿದ್ದೇನೆ, ಬೆಣ್ಣೆಕಾಗದದಲ್ಲಿಯೇ ಇದೆ. ಅಮ್ಮ ಮುಟ್ಟಲು ಬಂದರೂ ಬಿಡಲಿಲ್ಲ. ಸೆಟ್ಟಿನ ಉಳಿದ ಮೂರೂ ಕ್ಯಾಂಟೀನಿನ ಚಿಲ್ಲರೆಯಲ್ಲಿ ಸಿಗಬಹುದು ಅಂತ ದಿನಾ ನೋಡ್ತಿದ್ದೇನೆ.

ಇಸವಿಯ ಕೆಳಗೆ ಒಂದು ಸಣ್ಣ ಚುಕ್ಕೆ ಇದೆ. ಎರಡರಲ್ಲೂ ಇದೆ. ಚುಕ್ಕೆ ಇದ್ದರೆ ಮುಂಬಯಿಯ ಟಂಕಸಾಲೆ, ಇಲ್ಲದಿದ್ದರೆ ಕಲ್ಕತ್ತೆ ಅಂತ ಆಗಸ್ಟಿನ ಪತ್ರದಲ್ಲಿ ತಾವೇ ಹೇಳಿಕೊಟ್ಟದ್ದು. ಎರಡೂ ಊರಿನದು ಇದ್ದರೆ ಮಾತ್ರ ಜೋಡಿ ಪೂರ್ತಿ ಅಲ್ಲವೆ?

ಈ ವಯಸ್ಸಿನಲ್ಲೂ ತಾವು ಭೂತಗನ್ನಡಿ ಹಿಡಿದು ಅಷ್ಟು ಸೂಕ್ಷ್ಮ ನೋಡುತ್ತೀರಿ ಅಂದರೆ ಆಶ್ಚರ್ಯ. ಕಣ್ಣಿಗೆ ಆಯಾಸ ಮಾಡಿಕೊಳ್ಳಬೇಡಿ. ತಮ್ಮ ಪತ್ರ ಬಂದ ದಿನ ಊಟಕ್ಕೆ ಕೂತಾಗ ಅಮ್ಮನಿಗೆ ಓದಿ ಹೇಳುತ್ತೇನೆ. ಬೈಗುಳ ಬಂದ ಕಡೆ ಅಮ್ಮ ‘ಇನ್ನೊಂದ್ಸಲ ಓದು’ ಅಂತಾಳೆ.

ತಮ್ಮ ಆಶೀರ್ವಾದ ಬೇಡುವ,
ಓಂಕಾರಪ್ಪ

---

ಶಿವಮೊಗ್ಗ
೧೩-೧೦-೧೯೬೯

ಚಿರಂಜೀವಿ ಓಂಕಾರಪ್ಪನಿಗೆ ಆಶೀರ್ವಾದಗಳು.

ನನ್ನ ಕಣ್ಣಿನ ಬಗ್ಗೆ ತೋರಿಸಿದ ಕಾಳಜಿ ದೊಡ್ಡದು. ಸದ್ಯಕ್ಕೆ ಕಾಣಿಸುತ್ತಿದೆ. ಮೊಣಕಾಲೂ ಪರವಾಗಿಲ್ಲ.

ನನ್ನ ಹತ್ತಿರವೂ ಎರಡು ಬಂದಿವೆ, ಎರಡೂ ಚುಕ್ಕೆ ಇಲ್ಲದವು. ನಿಮ್ಮದೊಂದು ನನಗೆ, ನನ್ನದೊಂದು ನಿಮಗೆ ಆದರೆ ಇಬ್ಬರದೂ ಪೂರ್ತಿಯಾಗುತ್ತೆ. ಟಪಾಲಿನಲ್ಲಿ ಬೇಡ. ಹನ್ನೊಂದು ಮೈಲಿ ಬರೋಕೆ ಎರಡು ದಿನ ಮಾಡುವ ಟಪಾಲನ್ನು ಬೆಳ್ಳಿಗೆ ನಂಬಲಾರೆ. ನವೆಂಬರ್ ಎರಡನೇ ತಾರೀಖು ಭಾನುವಾರ ಬನ್ನಿ. ಅಂಗಡಿಯ ಹಿಂದೆಯೇ ಮನೆ. ದೀಪಾವಳಿಗೆ ಬಟ್ಟೆ ಕೊಳ್ಳುವುದಿದ್ದರೆ ನಿಮ್ಮ ತಾಯಿಯನ್ನೂ ಕರೆದುಕೊಂಡು ಬನ್ನಿ. ನನ್ನ ಬೈಗುಳ ಎದುರಿಗೇ ಕೇಳಲಿ.

ಜಗದಾಂಬಾ

---

ಭದ್ರಾವತಿ
೩-೧೧-೧೯೬೯

ಪೂಜ್ಯ ಅಮ್ಮನವರಿಗೆ,

ನಿನ್ನೆ ತಮ್ಮ ಮನೆಗೆ ಬಂದಿದ್ದೆವು. ತಾವು ಆಯನೂರಿಗೆ ಹೋಗಿದ್ದೀರಿ ಅಂತ ತಿಳಿದು ನಿರಾಸೆಯಾಯಿತು. ಆದರೆ ತಮ್ಮ ಮನೆಯವರ ಉಪಚಾರ ದೊಡ್ಡದು. ತಮ್ಮ ಅತ್ತೆಯವರೇ ಇರಬೇಕು, ವೀರಮ್ಮನವರು, ಎರಡು ಸಲ ಉಪ್ಪಿಟ್ಟು ಬಡಿಸಿದರು. ತಮ್ಮ ಯಜಮಾನರು ಷಣ್ಮುಖಪ್ಪನವರು ಬಹಳ ಮಾತಾಡಿಸಿದರು. ಎಷ್ಟು ವರ್ಷದ ನೌಕರಿ, ಕ್ವಾರ್ಟರ್ಸಿಗೆ ಎಷ್ಟು ಕೋಣೆ, ನಮ್ಮ ಮನೆಗುರುಗಳು ಯಾವ ಮಠದವರು, ಎಲ್ಲಾ ಕೇಳಿದರು. ನಾಣ್ಯದ ವಿಷಯ ಮಾತ್ರ ಒಂದೂ ಕೇಳಲಿಲ್ಲ.

ಬೆಳ್ಳೀನ ಬರಿಗೈಯಲ್ಲಿ ಕೊಡಬಾರದು ಅಂತ ಅಮ್ಮ ಅವರಿಂದಲೇ ತಟ್ಟೆ ಕೇಳಿ ತರಿಸಿ, ಬಜಾರಿನಲ್ಲಿ ಕೊಂಡಿದ್ದ ಎಲೆ ಅಡಿಕೆ ಹಾಕಿ, ಅದರ ಮೇಲೆ ನನ್ನ ನಾಣ್ಯ ಇಟ್ಟು ದೇವರ ಮುಂದೆ ಇಟ್ಟಳು. ಆಮೇಲೆ ವೀರಮ್ಮನವರು ನನ್ನ ಹಣೆಗೆ ವಿಭೂತಿ ಹಚ್ಚಿ ಕಣ್ಣೊರೆಸಿಕೊಂಡರು. ಯಜಮಾನರು ತಾವು ಸುತ್ತಿಟ್ಟಿದ್ದ ನಾಣ್ಯ ಕೊಟ್ಟರು, ಜೊತೆಗೆ ಒಂದು ತೆಂಗಿನಕಾಯಿ ಮತ್ತು ಜರತಾರಿ ಅಂಚಿನ ಪಂಚೆ.

ಈ ಪಂಚೆ ಯಾಕೆ ಕೊಟ್ಟರು ಅಂತ ಯೋಚಿಸಿ ಯೋಚಿಸಿ ತಲೆ ಕೆಟ್ಟಿದೆ. ನಾಣ್ಯದ ಸಾಲಿಗೆ ಪಂಚೆ ಬರುತ್ತದೆಯೆ? ವಾಪಸ್ ಕಳಿಸಬೇಕೆ? ಅಮ್ಮನನ್ನು ಕೇಳಿದರೆ ‘ಉಟ್ಕೋ’ ಅಂತಾಳೆ.

ಓಂಕಾರಪ್ಪ

---

ಶಿವಮೊಗ್ಗ
೪-೧೧-೧೯೬೯

ಚಿ. ಓಂಕಾರಪ್ಪನವರಿಗೂ ಅವರ ಮಾತೃಶ್ರೀಯವರಿಗೂ, ಷಣ್ಮುಖಪ್ಪನ ಶರಣಾರ್ಥಿ.

ತಾವು ತಾವಾಗಿ ಬಂದು ವೀಳ್ಯ ಇಟ್ಟದ್ದನ್ನು ನಾವು ಪೂರ್ಣ ಮನಸ್ಸಿನಿಂದ ಒಪ್ಪಿದ್ದೇವೆ. ನನ್ನ ತಾಯಿ ವೀರಮ್ಮನವರಿಗೆ ಆದ ಸಂತೋಷ ಹೇಳತೀರದು. ನನ್ನ ಒಬ್ಬಳೇ ಮಗಳು ಜಗದಾಂಬಾಗೆ ಈಗ ಇಪ್ಪತ್ತಮೂರು ನಡೆಯುತ್ತಿದೆ. ತಾಯಿಯಿಲ್ಲದ ಮಗು, ಮಾತು ಸ್ವಲ್ಪ ಚುರುಕು. ನಾಣ್ಯದ ಹುಚ್ಚಿನ ಸಂಗತಿ ನಿಮಗೆ ತಿಳಿದೇ ಇದೆ.

ಆಯನೂರಿನ ಶಾಲೆಯಿಂದ ಅವಳಿಗೆ ಟೀಚರ್ ಕೆಲಸದ ಆರ್ಡರ್ ಬಂದಿದೆ. ತಮಗೆ ಯೋಚನೆ ಬೇಡ, ಬೇಡವೆಂದು ಬರೆದುಹಾಕಲು ಹೇಳಿದ್ದೇನೆ. ಕಾರ್ತಿಕ ಕಳೆದ ಮೇಲೆ ನಿಶ್ಚಿತಾರ್ಥ, ಮಾಘದಲ್ಲಿ ಮದುವೆ ಆಗಬಹುದೆಂದು ನಮ್ಮ ಅಭಿಪ್ರಾಯ.

ಷಣ್ಮುಖಪ್ಪ

---

ಶಿವಮೊಗ್ಗ
೬-೧೧-೧೯೬೯

ಓಂಕಾರಪ್ಪನವರೇ,

ಏನ್ ಮಾಡಿಬಿಟ್ಟಿರಿ ಮಾರಾಯ್ರೆ?

ನಾಣ್ಯ ಬದಲಾಯಿಸಿಕೊಳ್ಳಿ ಅಂತ ಕರೆದರೆ ಮದುವೆ ಮಾತು ಮುಗಿಸಿ ಹೋಗಿದ್ದೀರಿ. ನಮ್ಮ ಕಡೆ ಹೆಣ್ಣಿರುವ ಮನೆಗೆ ಗಂಡಿನ ತಾಯಿ ಬಂದು ಎಲೆ ಅಡಿಕೆಯ ಮೇಲೆ ಬೆಳ್ಳಿ ಇಟ್ಟು ದೇವರ ಮುಂದೆ ತಟ್ಟೆ ಇಟ್ಟರೆ ಹೆಣ್ಣು ಒಪ್ಪಿದ ಹಾಗೆ. ಆ ಬೆಳ್ಳಿಗೆ ಬದಲು ಬೆಳ್ಳಿ ಮತ್ತು ಪಂಚೆ ಕೊಟ್ಟರೆ ನಾವೂ ಒಪ್ಪಿದ ಹಾಗೆ. ಇಷ್ಟು ನಿಮಗೆ ಗೊತ್ತಿರಲಿಲ್ಲವೆ? ನಿಮ್ಮ ತಾಯಿಗಾದರೂ ಗೊತ್ತಿರಲಿಲ್ಲವೆ?

ನಾನು ಇರ್ತೀನಿ ಅಂತ ಹೇಳಿ ಇರದೇ ಹೋದದ್ದು ನನ್ನ ತಪ್ಪು. ಶನಿವಾರ ಮಧ್ಯಾಹ್ನ ಆರ್ಡರ್ ಬಂತು. ಆಯನೂರಿನಲ್ಲಿ ನನ್ನ ಸೋದರತ್ತೆ ಕಲ್ಲಮ್ಮ ಇದ್ದಾಳೆ, ಅವಳ ಕೈಲಿ ಅಪ್ಪನಿಗೆ ಹೇಳಿಸೋಣ ಅಂತ ಬೆಳಗಿನ ಬಸ್ಸಿಗೇ ಓಡಿದೆ. ನಾಲ್ಕು ವರ್ಷದಿಂದ ಆ ಕೆಲಸಕ್ಕೆ ಕಾದಿದ್ದೀನಿ. ಜನವರಿ ಐದಕ್ಕೆ ಸೇರಬೇಕು. ಅತ್ತೆಯ ಒಪ್ಪಿಗೆ ತೆಗೆದುಕೊಂಡು ಸಂಜೆ ಮನೆಗೆ ಬಂದರೆ ಅಜ್ಜಿ ಸಕ್ಕರೆ ತಿನ್ನಿಸಿದರು. ಕೆಲಸ ಸಿಕ್ಕಿದ್ದಕ್ಕೆ ಅಂತ ನಾನೂ ತಿಂದೆ.

ಈಗ ವೀಳ್ಯ ಯಾರು ಹಿಂತಿರುಗಿಸ್ತಾರೋ ಅವರ ತಲೆ ಮೇಲೆ ಅಪವಾದ. ನಾವು ಹಿಂತಿರುಗಿಸಿದರೆ ‘ಷಣ್ಮುಖಪ್ಪನ ಮಗಳು ಒಪ್ಪಿ ಬಿಟ್ಟವಳು’ ಅಂತ ಬಜಾರೆಲ್ಲ ಹೇಳುತ್ತೆ, ಅಪ್ಪ ತಲೆ ಎತ್ತಿ ಗಲ್ಲಾದ ಮುಂದೆ ಕೂರಲಾರರು. ಹಿಂತಿರುಗಿಸದಿದ್ದರೆ ನನ್ನ ಕೆಲಸ ಹೋಯಿತು. ಅಳು ಬರುತ್ತೆ, ಮರುಕ್ಷಣ ನಿಮ್ಮ ‘ಮಾತೃಸಮಾನ’ ನೆನಪಾಗಿ ನಗು ಬರುತ್ತೆ. ಯಾವುದು ಮಾಡಬೇಕು ಅಂತಲೇ ತಿಳಿಯುತ್ತಿಲ್ಲ.

ಇನ್ನೊಂದು. ನಿಮ್ಮ ನಾಣ್ಯವನ್ನು ಅಜ್ಜಿ ದಿನಾ ಹುಣಸೆಹಣ್ಣು ಹಾಕಿ ತೊಳೆದು ಪೂಜೆ ಮಾಡ್ತಿದ್ದಾರೆ.

ಜಗದಾಂಬಾ

---

ಭದ್ರಾವತಿ
೮-೧೧-೧೯೬೯

ಜಗದಾಂಬಾ ಅವರಿಗೆ,

ಹೇಗೆ ಸಂಬೋಧಿಸಬೇಕು ಅನ್ನುವುದಕ್ಕೇ ಮೂರು ಕಾಗದ ಹರಿದೆ. ನಿಮ್ಮ ತಂದೆಯನ್ನು ನಿಮ್ಮ ಯಜಮಾನರು ಅಂದುಬಿಟ್ಟೆ, ನಿಮ್ಮ ಅಜ್ಜಿಯನ್ನು ಅತ್ತೆ ಅಂದೆ, ನಿಮಗೆ ಐವತ್ತೈದು ಅಂದುಕೊಂಡಿದ್ದೆ. ಬೈಯುವ ರೀತಿ ನೋಡಿ ಹಾಗಂದುಕೊಂಡೆ. ಇಪ್ಪತ್ತಮೂರರಲ್ಲಿ ಯಾರೂ ಹಾಗೆ ಬೈಯೋದು ಕೇಳಿರಲಿಲ್ಲ. ನೀವಾದರೂ ಒಂದು ಮಾತು ಹೇಳಬಹುದಾಗಿತ್ತು. ಮೊಣಕಾಲಿನ ವಿಷಯ ಬರೆದಿರಿ.

ಅಮ್ಮನಿಗೆ ಈ ಪದ್ಧತಿ ಗೊತ್ತಿಲ್ಲ. ಅವಳು ಹೊಸದುರ್ಗದ ಕಡೆಯವಳು. ಅಲ್ಲಿ ಬೇರೆ ರೀತಿ. ದಯವಿಟ್ಟು ಅವಳ ಮೇಲೆ ಕೋಪ ಮಾಡಿಕೊಳ್ಳಬೇಡಿ.

ನಿಮ್ಮ ಹೆಸರಿಗೆ ಕುಂದು ಬರದ ಹಾಗೆ ಏನಾದರೂ ಮಾಡ್ತೀನಿ. ನನಗೆ ಫಿಟ್ಸ್ ಬರುತ್ತೆ ಅಂತ ಯಾರ ಕೈಲಾದರೂ ಹೇಳಿಸಲೆ? ಕಿವಿ ಕೇಳಲ್ಲ ಅಂದರೆ ನಡೆಯುತ್ತದೆಯೆ? ಆದರೆ ಅವತ್ತು ನಿಮ್ಮ ತಂದೆಯವರ ಪ್ರಶ್ನೆಗಳಿಗೆಲ್ಲ ಸರಿಯಾಗಿ ಉತ್ತರ ಕೊಟ್ಟಿದ್ದೇನಲ್ಲ. ಕಾರ್ಖಾನೆಯಲ್ಲಿ ನಿನ್ನೆ ಒಂದೇ ಕಬ್ಬಿಣದ ಚೂರನ್ನು ಎರಡು ಸಲ ತೂಗಿ ಎರಡು ಬೇರೆ ತೂಕ ಬರೆದಿದ್ದೇನೆ. ಸಾಹೇಬರು ಮನೆಗೆ ಹೋಗು ಅಂದರು.

ಓಂಕಾರಪ್ಪ

---

ಶಿವಮೊಗ್ಗ
೧೫-೧೧-೧೯೬೯

ಓಂಕಾರಪ್ಪನವರೇ,

ಫಿಟ್ಸ್ ಬೇಡ. ಆಮೇಲೆ ನಿಮಗೆ ಬೇರೆ ಯಾರೂ ಹೆಣ್ಣು ಕೊಡಲ್ಲ.

ಹಬ್ಬ ಆಯಿತು. ಅಜ್ಜಿ ನಿಮ್ಮ ಹೆಸರಿನಲ್ಲಿ ಒಂದು ದೀಪ ಹೆಚ್ಚು ಹಚ್ಚಿದರು. ಅಪ್ಪ ಅಂಗಡಿಗೆ ಬಂದವರಿಗೆಲ್ಲ ‘ಹುಡುಗ ಲ್ಯಾಬೊರೇಟರಿ’ ಅಂತಾರೆ, ಲ್ಯಾಬೊರೇಟರಿ ಅನ್ನುವುದು ದೊಡ್ಡ ಹುದ್ದೆಯ ಹೆಸರು ಅಂತ ತಿಳಿದಿದ್ದಾರೆ. ನಾನು ಯಾವುದಕ್ಕೂ ಮಾತಾಡ್ತಿಲ್ಲ. ಜಗದಾಂಬಾ ನಾಚಿಕೊಂಡಿದ್ದಾಳೆ ಅಂತ ಮನೆಯಲ್ಲಿ ತೀರ್ಮಾನ ಆಗಿದೆ.

ಆತುರ ಮಾಡಬೇಡಿ. ಆರ್ಡರ್‌ಗೆ ಡಿಸೆಂಬರ್ ಹದಿನೈದರೊಳಗೆ ಉತ್ತರ ಬರೆದರೆ ಸಾಕು. ಅಪ್ಪನಿಗೆ ಬರೆದಾಯಿತು ಅಂತ ಸುಳ್ಳು ಹೇಳಿ ಅದನ್ನು ನಾಣ್ಯದ ಡಬ್ಬಿಯ ತಳದಲ್ಲಿ ಇಟ್ಟಿದ್ದೀನಿ.

ಅಂದ ಹಾಗೆ, ಕಬ್ಬಿಣದಲ್ಲಿ ಏನು ಪರೀಕ್ಷೆ ಮಾಡ್ತೀರಿ? ಜೂನಿನಿಂದ ಬರೀತಿದ್ದೀರಿ, ನಾನು ಕೇಳೇ ಇಲ್ಲ. ಬೈಯುವುದರಲ್ಲೇ ಕಾಲ ಹೋಯಿತು.

ಜಗದಾಂಬಾ

---

ಭದ್ರಾವತಿ
೨೭-೧೧-೧೯೬೯

ಜಗದಾಂಬಾ ಅವರೇ,

ಕಬ್ಬಿಣದಲ್ಲಿ ಇಂಗಾಲ ಎಷ್ಟಿದೆ ಅಂತ ನೋಡ್ತೀವಿ. ಚೂರನ್ನು ಆಮ್ಲದಲ್ಲಿ ಕರಗಿಸಬೇಕು, ಸುಡಬೇಕು, ತೂಗಬೇಕು. ಒಂದು ಕೂದಲಷ್ಟು ಹೆಚ್ಚಾದರೂ ಕಬ್ಬಿಣ ಪೆಡಸಾಗುತ್ತೆ. ಇದನ್ನು ಯಾರೂ ಈವರೆಗೆ ನನ್ನನ್ನು ಕೇಳಿರಲಿಲ್ಲ.

ಹೋದ ಭಾನುವಾರ ಶಿವಮೊಗ್ಗಕ್ಕೆ ಬಂದಿದ್ದೆ. ನಿಮ್ಮ ತಂದೆಯವರಿಗೆ ಎದುರಿಗೇ ಎಲ್ಲಾ ಹೇಳಿಬಿಡೋಣ ಅಂತ ಬಂದೆ. ಅಂಗಡಿಯಲ್ಲಿ ಅವರಿರಲಿಲ್ಲ. ಯಾರೋ ಒಬ್ಬರು ಸ್ಟೂಲಿನ ಮೇಲೆ ನಿಂತು ಮೇಲಿನ ಕಪಾಟಿನಿಂದ ಕಾಗದದ ಕಟ್ಟು ಇಳಿಸ್ತಾ ಗಿರಾಕಿಯ ಜೊತೆ ಜಗಳ ಆಡ್ತಿದ್ದರು. ನೀವೇ ಅಂತ ದನಿಯಿಂದ ಗೊತ್ತಾಯಿತು. ಈವರೆಗೆ ಕಾಗದದಲ್ಲಿ ಮಾತ್ರ ಕೇಳಿದ ದನಿ ಅದು. ಎದುರಿನ ಬಟ್ಟೆ ಅಂಗಡಿಯ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ನಿಂತೆ. ಆಮೇಲೆ ಬೇಡದ ಒಂದು ಟವೆಲ್ ಕೊಂಡುಕೊಂಡು ರೈಲಿಗೆ ಹೋದೆ. ಯಾಕೆ ಬಂದು ಮಾತಾಡಿಸಲಿಲ್ಲ ಅಂತ ಈಗಲೂ ಗೊತ್ತಿಲ್ಲ.

ನೇರವಾಗಿ ಕೇಳ್ತೀನಿ, ತಪ್ಪು ತಿಳಿಯಬೇಡಿ. ನಿಮಗೆ ಏನು ಬೇಕು? ನೀವು ಹೇಳಿದ ಹಾಗೆ ಮಾಡ್ತೀನಿ.

ಓಂಕಾರಪ್ಪ

---

ಶಿವಮೊಗ್ಗ
೩-೧೨-೧೯೬೯

ಓಂಕಾರಪ್ಪನವರೇ,

ನಿಮ್ಮ ಪತ್ರ ಬಂದು ನಾಲ್ಕು ದಿನವಾಯಿತು. ನನಗೆ ಏನು ಬೇಕು ಅಂತ ಈ ಮನೆಯಲ್ಲಿ ಯಾರೂ ಕೇಳಿದವರಲ್ಲ. ಅದಕ್ಕೇ ಉತ್ತರ ಹೊಳೆಯುತ್ತಿಲ್ಲ.

ನನ್ನ ಕಷ್ಟ ನಿಮಗೆ ಗೊತ್ತು. ಆಯನೂರಿನ ಕೆಲಸ ನನ್ನ ಜೀವ. ಹದಿನೈದನೇ ತಾರೀಖು ಹತ್ತಿರ ಬಂತು. ನಿಶ್ಚಿತಾರ್ಥಕ್ಕೆ ಅಪ್ಪ ಸ್ವಾಮಿಗಳನ್ನು ಕೇಳಲು ಹೊರಟಿದ್ದಾರೆ. ಇದಕ್ಕಿಂತ ಹೆಚ್ಚಾಗಿ ನಾನು ಬರೆಯಲಾರೆ. ನಿಮಗೆ ಯಾವುದು ನ್ಯಾಯ ಅನ್ನಿಸುತ್ತೋ ಅದನ್ನು ಮಾಡಿ.

ಇನ್ನೊಮ್ಮೆ ಬಂದರೆ ಬೀದಿಯ ಆಚೆ ನಿಂತು ಟವೆಲ್ ಕೊಳ್ಳಬೇಡಿ.

ಜಗದಾಂಬಾ

---

ಭದ್ರಾವತಿ
೮-೧೨-೧೯೬೯
ರಿಜಿಸ್ಟರ್ಡ್

ಮಾನ್ಯ ಷಣ್ಮುಖಪ್ಪನವರ ಸನ್ನಿಧಿಗೆ,

ತಾವು ಕೊಟ್ಟ ಬೆಳ್ಳಿ ನಾಣ್ಯ ಮತ್ತು ಪಂಚೆಯನ್ನು ಹಿಂತಿರುಗಿಸುತ್ತಿದ್ದೇನೆ. ಈ ಸಂಬಂಧ ನನಗೆ ಬೇಡ. ಹುಡುಗಿಯಲ್ಲಿಯಾಗಲಿ, ತಮ್ಮ ಮನೆತನದಲ್ಲಿಯಾಗಲಿ ಯಾವ ದೋಷವೂ ಇಲ್ಲ. ಒಪ್ಪಿ ಕೈಬಿಟ್ಟವನು ನಾನು, ತಪ್ಪು ಪೂರ್ತಿ ನನ್ನದು. ಯಾರು ಕೇಳಿದರೂ ಈ ಪತ್ರ ತೋರಿಸಬಹುದು.

ಓಂಕಾರಪ್ಪ

---

ಭದ್ರಾವತಿ
೮-೧೨-೧೯೬೯

ಜಗದಾಂಬಾ ಅವರೇ,

ನೀವು ಕೇಳಿದ್ದನ್ನು ಮಾಡಿದ್ದೇನೆ. ನಿಮ್ಮ ತಂದೆಯವರಿಗೆ ಇವತ್ತು ರಿಜಿಸ್ಟರ್ ಹಾಕಿದೆ. ಹದಿನೈದರ ಒಳಗೇ ಮುಟ್ಟುತ್ತೆ. ಇನ್ನು ಆರ್ಡರ್ ಡಬ್ಬಿಯಿಂದ ತೆಗೆದು ಉತ್ತರ ಬರೆಯಿರಿ. ಮಕ್ಕಳಿಗೆ ಚೆನ್ನಾಗಿ ಪಾಠ ಹೇಳಿಕೊಡಿ. ಬೈಯಿರಿ, ಆದರೆ ಕಡಿಮೆ.

ನನ್ನ ಚುಕ್ಕೆಯ ನಾಣ್ಯ ನಿಮ್ಮ ಹತ್ತಿರವೇ ಇರಲಿ. ಅಜ್ಜಿ ತೊಳೆದದ್ದಕ್ಕೆ ಬೇಸರವಿಲ್ಲ.

ಓಂಕಾರಪ್ಪ

---

ಶಿವಮೊಗ್ಗ
೨೧-೧೨-೧೯೬೯

ಓಂಕಾರಪ್ಪನವರೇ,

ಹದಿಮೂರು ದಿನ ನಿಮಗೆ ಬರೆಯಲಿಲ್ಲ. ಕೋಪದಿಂದ ಬರೆಯಲಿಲ್ಲ. ಕೋಪ ನಿಮ್ಮ ಮೇಲೋ ನನ್ನ ಮೇಲೋ ಅಂತ ತಿಳಿಯೋಕೇ ಇಷ್ಟು ದಿನ ಹಿಡಿಯಿತು.

ನೀವು ಅಂದುಕೊಂಡ ಹಾಗೇ ಎಲ್ಲಾ ಆಯಿತು. ಅಪ್ಪ ನಿಮ್ಮ ಪತ್ರ ಓದಿ ಅಂಗಡಿಗೆ ಎರಡು ದಿನ ಬಾಗಿಲು ಹಾಕಿದರು. ಮೂರನೇ ದಿನ ಅವರೇ ಬಂದು ‘ಮನೇಲಿ ಕೂತ್ರೆ ಜನ ಏನೇನೋ ಅಂತಾರೆ, ಆಯನೂರಿಗೇ ಹೋಗು’ ಅಂದರು. ಒಪ್ಪಿಗೆ ಬರೆದು ಹಾಕಿದೆ. ಬಜಾರಿನವರು ನನ್ನನ್ನು ಕಂಡರೆ ‘ಪಾಪ’ ಅಂತಾರೆ, ಬಟ್ಟೆ ಅಂಗಡಿಯವರು ಕರೆದು ಕಾಫಿ ಕೊಡ್ತಾರೆ. ನಿಮ್ಮನ್ನು ಮಾತ್ರ ಎಲ್ಲರೂ ಬಾಯಿಗೆ ಬಂದ ಹಾಗೆ ಅಂತಾರೆ. ಅಜ್ಜಿಯಂತೂ ಪ್ರತಿ ಊಟಕ್ಕೂ ಮೊದಲ ತುತ್ತಿಗೆ ನಿಮಗೆ ಒಂದು ಶಾಪ ಹಾಕ್ತಾರೆ. ನಾನು ತಟ್ಟೆ ನೋಡ್ಕೊಂಡು ಉಣ್ಣಬೇಕು.

ನಿಮಗೆ ಯಾವುದು ನ್ಯಾಯವೋ ಮಾಡಿ ಅಂತ ಬರೆದೆನಲ್ಲ, ಸಂಬಂಧ ಮುರಿಯಿರಿ ಅಂತ ಅಲ್ಲ ಕಣ್ರೀ ನಾನು ಬರೆದದ್ದು. ‘ಮದುವೆ ಆದರೂ ಕೆಲಸಕ್ಕೆ ಹೋಗಿ’ ಅಂತ ನೀವು ಒಂದು ಸಾಲು ಬರೀತೀರಿ ಅಂತ ಕಾದಿದ್ದೆ. ಬರೆದಿದ್ದರೆ ಒಪ್ಪಿಬಿಡ್ತಿದ್ದೆ. ಕೇಳಿದರೆ ಸಣ್ಣವಳಾಗ್ತೀನಿ ಅಂತ ಕೇಳಲಿಲ್ಲ. ಐದು ತಿಂಗಳು ಎಲ್ಲದಕ್ಕೂ ಬೈದವಳು ಇದೊಂದು ಸಾಲು ಬರೆಯೋಕೆ ಆಗದೇ ಹೋದೆ.

ನಿನ್ನೆ ಮಧ್ಯಾಹ್ನ ಅಜ್ಜಿ ನಿಮ್ಮ ವಂಶಕ್ಕೇ ಶಾಪ ಹಾಕಲು ಶುರು ಮಾಡಿದರು. ತಡೆಯಲಾಗಲಿಲ್ಲ. ಅಪ್ಪನ ಮುಂದೆಯೇ ಎಲ್ಲಾ ಹೇಳಿದೆ. ನಾಣ್ಯದ ಕಥೆ, ನಿಮ್ಮ ಪತ್ರಗಳು, ನನಗಾಗಿ ನೀವು ಹೊತ್ತ ಅಪವಾದ, ಎಲ್ಲಾ. ಅಪ್ಪ ‘ಹಾಗಾದ್ರೆ ಈಗ ನಾನೇನು ಮಾಡ್ಲಿ’ ಅಂದರು. ಬೇಡ ಅಂತ ಬರೆದುಕೊಟ್ಟವರ ಬಾಗಿಲಿಗೆ ಅವರು ಮತ್ತೆ ಹೋಗುವ ಹಾಗಿಲ್ಲ, ಅದು ನಡೆಯಲ್ಲ. ನೀವಂತೂ ಇನ್ನು ಬರುವವರಲ್ಲ.

ಅದಕ್ಕೆ ನಾನೇ ಬರ್ತೀನಿ. ಇಪ್ಪತ್ತೆಂಟನೇ ತಾರೀಖು ಭಾನುವಾರ, ಬೆಳಗಿನ ರೈಲಿಗೆ, ಅಜ್ಜಿಯ ಜೊತೆ. ಅಪ್ಪ ‘ಗೊತ್ತಿಲ್ಲದ ಹಾಗೆ ಇರ್ತೀನಿ’ ಅಂದಿದ್ದಾರೆ. ಹೆಣ್ಣು ತಾನಾಗಿ ಗಂಡಿನ ಮನೆಗೆ ಹೋಗಿ ಕೇಳಿದ್ದು ನಮ್ಮಲ್ಲಿ ಯಾರೂ ಕಂಡಿಲ್ಲ ಅಂತ ಅಜ್ಜಿ ನಿನ್ನೆಯಿಂದ ಹೇಳ್ತಲೇ ಇದ್ದಾರೆ, ಸೀರೆಯನ್ನೂ ತೆಗೆದಿಟ್ಟಿದ್ದಾರೆ.

ಈ ಸಲ ನೇರವಾಗಿ ಬರೀತೀನಿ. ನನಗೆ ನೀವು ಬೇಕು. ಕೆಲಸವೂ ಬೇಕು, ಅದನ್ನು ಬಿಡಲ್ಲ. ಎರಡೂ ಆಗುವುದಾದರೆ ಸ್ಟೇಷನ್ನಿಗೆ ಬನ್ನಿ. ಆಗದಿದ್ದರೆ ಬರಬೇಡಿ, ಅದೇ ರೈಲಿಗೆ ವಾಪಸ್ ಹತ್ತಿಬಿಡ್ತೀನಿ.

ಜಗದಾಂಬಾ

---

ಭದ್ರಾವತಿ
೨೩-೧೨-೧೯೬೯

ಜಗದಾಂಬಾ,

ಪತ್ರ ಇವತ್ತು ಬೆಳಿಗ್ಗೆ ಬಂತು. ಲ್ಯಾಬೊರೇಟರಿಯ ಬೆಂಚಿನ ಮೇಲೇ ಬರೀತಿದ್ದೀನಿ, ಅಕ್ಷರ ಸೊಟ್ಟ ಆದರೆ ಕ್ಷಮಿಸಿ.

ಮೊದಲು ಒಂದು ತಪ್ಪೊಪ್ಪಿಗೆ. ಅಮ್ಮನಿಗೆ ಆ ಪದ್ಧತಿ ಗೊತ್ತಿಲ್ಲ ಅಂತ ಬರೆದದ್ದು ಸುಳ್ಳು. ಅವಳಿಗೆ ಚೆನ್ನಾಗಿ ಗೊತ್ತಿತ್ತು. ನಿಮ್ಮ ವಯಸ್ಸೂ ಗೊತ್ತಿತ್ತು. ನಮ್ಮ ಬೀದಿಯ ಜಂಬಣ್ಣನವರ ನೆಂಟರು ಗಾಂಧಿ ಬಜಾರಿನಲ್ಲಿದ್ದಾರೆ, ಅವರ ಕೈಲಿ ಸೆಪ್ಟೆಂಬರಿನಲ್ಲೇ ವಿಚಾರಿಸಿದ್ದಳು. ಗೊತ್ತಿಲ್ಲದವನು ನಾನೊಬ್ಬನೇ. ನಿಮ್ಮ ಕೋಪದ ಪತ್ರ ಬಂದ ದಿನ ಕೇಳಿದಾಗ ಒಪ್ಪಿಕೊಂಡಳು. ‘ನಿಮ್ಮಪ್ಪ ಹೋದ ಮೇಲೆ ನೀನು ಊಟಕ್ಕೆ ಕೂತು ನಕ್ಕಿದ್ದು ಆ ಕಾಗದ ಓದುವಾಗಲೇ, ನನಗೆ ಇನ್ನೇನು ನೋಡೋದಿತ್ತು’ ಅಂದಳು. ಅದನ್ನು ನಿಮಗೆ ಬರೆದರೆ ಅವಳನ್ನು ಕೆಟ್ಟವಳು ಅಂದುಕೊಳ್ತೀರಿ ಅಂತ ಮುಚ್ಚಿಟ್ಟೆ.

ನಿಮ್ಮ ತಂದೆಗೆ ಬೇಡ ಅಂತ ಬರೆದ ದಿನದಿಂದ ಅಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಹದಿನೈದು ದಿನ ಆಯಿತು. ಇವ್ಳಿಗೆ ಹೇಗೆ ಹೇಳೋದು ಅಂತ ಯೋಚಿಸ್ತಾ ಊಟದ ಹೊತ್ತಿಗೆ ಮನೆಗೆ ಹೋಗಿ ನಿಮ್ಮ ಪತ್ರದ ಕೊನೆಯ ಭಾಗ ಗೋಡೆಗೆ ಓದಿದ ಹಾಗೆ ಓದಿದೆ. ಅಮ್ಮ ಮೊರ ತಗೊಂಡು ಅಕ್ಕಿ ಆರಿಸೋಕೆ ಕೂತಳು. ಇನ್ನೂ ಐದು ದಿನ ಇದೆ ಅಂದರೂ ಕೇಳಲಿಲ್ಲ.

ಕೆಲಸ ಬಿಡಬೇಡಿ. ಈ ಒಂದು ಸಾಲು ಆವತ್ತೇ ಬರೆಯಬೇಕಿತ್ತು. ನನಗೆ ಹೊಳೆದಿತ್ತು. ಬರೆದರೆ ನಾಣ್ಯದ ಜೊತೆ ನಿಮ್ಮನ್ನೂ ಇಟ್ಟುಕೊಳ್ಳಲು ಆಸೆಪಟ್ಟ ಹಾಗೆ ಆಗುತ್ತೆ ಅಂತ ಬಿಟ್ಟೆ. ಆಸೆ ಇತ್ತು. ಶಿವಮೊಗ್ಗದಲ್ಲೇ, ರಾಗಿಗುಡ್ಡದ ಕಡೆ ಮನೆ ಮಾಡಿದರೆ ನಾನು ಬೆಳಗಿನ ರೈಲಿಗೆ ಇಲ್ಲಿಗೆ ಬರಬಹುದು, ನೀವು ಬಸ್ಸಿಗೆ ಆಯನೂರಿಗೆ ಹೋಗಬಹುದು. ಅಮ್ಮನಿಗೆ ನಿಮ್ಮ ಅಜ್ಜಿ ಹತ್ತಿರ ಆಗ್ತಾರೆ, ಇಬ್ಬರೂ ಜಗಳ ಆಡಲಿ.

ಭಾನುವಾರ ನನಗೆ ಡ್ಯೂಟಿ ಇತ್ತು, ಬದಲಾಯಿಸಿಕೊಂಡೆ. ಸ್ಟೇಷನ್ನಿನ ಗೇಟಿನ ಹತ್ತಿರ ನಿಂತಿರ್ತೀನಿ. ಈಗಷ್ಟೇ ಒಂದು ವಿಷಯ ಹೊಳೆಯಿತು. ನಾನು ನಿಮ್ಮನ್ನು ಒಂದು ಸಲ ನೋಡಿದ್ದೇನೆ, ನೀವು ನನ್ನನ್ನು ನೋಡಿಯೇ ಇಲ್ಲ. ಎತ್ತರ ಇಲ್ಲ. ಮುಂದಲೆ ಸ್ವಲ್ಪ ಖಾಲಿಯಾಗಿದೆ. ಎಡಗೆನ್ನೆಯ ಮೇಲೆ ಆಮ್ಲ ಸಿಡಿದ ಕಲೆ ಇದೆ, ಅಂಗೈಯಷ್ಟು. ನಿಮ್ಮ ಮನೆಯವರು ಅದನ್ನು ಹೇಳಿದರೋ ಇಲ್ಲವೋ ಗೊತ್ತಿಲ್ಲ. ಆ ಕಡೆ ನಿಮಗೆ ಕಾಣುವ ಹಾಗೇ ನಿಂತಿರ್ತೀನಿ. ನೋಡಿದ ಮೇಲೆ ಬೇಡ ಅನ್ನಿಸಿದರೆ ಇಳಿಯಬೇಡಿ, ಕಾರಣ ಕೇಳಲ್ಲ. ಅಮ್ಮ ಆರಿಸಿದ ಅಕ್ಕಿ ನಾವಿಬ್ಬರೇ ಉಣ್ತೀವಿ. ಬೇಸರ ಆಗಲ್ಲ ಅಂತ ಮಾತ್ರ ಬರೆಯಲಾರೆ.

ಓಂಕಾರಪ್ಪ